ಸೋಪಿನ ಅಚ್ಚು

ಬೀಗದವನ ಅಂಗಡಿಯೆಂದರೆ ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ಮೇಜು, ಒಂದು ಸ್ಟೂಲು, ತಲೆಯ ಮೇಲೆ ತಂತಿಗೆ ಪೋಣಿಸಿದ ನೂರಾರು ಕೀಗಳು. ಬೆಳಗ್ಗೆ ಅವನಿನ್ನೂ ಧೂಳು ಒರೆಸುತ್ತಿದ್ದಾಗಲೇ ಇಸ್ತ್ರಿ ಶರ್ಟಿನ ಗಿರಾಕಿಯೊಬ್ಬ ಬಂದು, ಕರವಸ್ತ್ರ ಬಿಚ್ಚಿ, ಅರ್ಧ ತುಂಡು ಸೋಪನ್ನು ಮೇಜಿನ ಮೇಲಿಟ್ಟ. ಸೋಪಿನಲ್ಲಿ ಸಣ್ಣ ಕೀಯೊಂದರ ಅಚ್ಚು ಮೂಡಿತ್ತು.

“ಇದಕ್ಕೊಂದು ಕೀ ಬೇಕು.”

“ಸೋಪಿನಿಂದ ಮಾಡಲ್ಲ ಸಾರ್. ಅಸಲಿ ಕೀ ತನ್ನಿ.”

“ಅದು ನನ್ನ ಹೆಂಡತಿ ಹತ್ರ ಇದೆ. ಅವಳ ಮೇಜಿನ ಡ್ರಾಯರ್ ಕೀ.” ಗಿರಾಕಿಯ ದನಿಯಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ಬೀಗದವನಿಗೆ ಅದೇ ಸರಿಬರಲಿಲ್ಲ. “ಮುಂಚೆ ಜೊತೆಗೆ ಕೆಲಸ ಮಾಡ್ತಿದ್ದವನೊಬ್ಬನಿಗೆ ಕಾಗದ ಬರೀತಾಳೆ. ಅವನ ಉತ್ತರ ಎಲ್ಲ ಆ ಡ್ರಾಯರ್‌ನಲ್ಲಿದೆ.”

“ಕಾಗದ ತಾನೇ? ಮೈ ಮುಟ್ಟದೆ ಮೋಸ ಹೇಗಾಗುತ್ತೆ ಸಾರ್?”

“ನಂಗೆ ಹೇಳದ ದುಃಖಾನ ಅವನಿಗೆ ಹೇಳ್ಕೋತಾಳಲ್ಲ, ಅದಕ್ಕೇನಂತೀರಿ? ನಿಮ್ಮ ಹೆಂಡತಿ ಹೀಗೆ ಮಾಡಿದ್ರೆ ಸುಮ್ನಿರ್ತಿದ್ರಾ?”

ಬೀಗದವನೂ ಸುಮ್ಮನಿರದ ಆಸಾಮಿಯೇ. ಎರಡು ವರ್ಷದ ಹಿಂದೆ, ಹೊಲಿಗೆ ಕಾರ್ಖಾನೆಗೆ ಹೋಗುವ ಹೆಂಡತಿ ತಗಡಿನ ಪೆಟ್ಟಿಗೆಗೆ ಬೀಗ ಹಾಕಿ ಕೀಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡಾಗ ಅವನಿಗೆ ಅನುಮಾನ ಹತ್ತಿತ್ತು. ಅವಳು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಅಚ್ಚು ತೆಗೆದು, ಮರುದಿನ ಕೀ ಮಾಡಿ ಪೆಟ್ಟಿಗೆ ತೆರೆದರೆ ಒಳಗೆ ಹಳೇ ಸ್ವೆಟರ್ ಬಿಟ್ಟು ಏನೂ ಇರಲಿಲ್ಲ. ಹೋದ ಜೀವ ಬಂದಂತಾಗಿತ್ತು. ತನ್ನದು ತಪ್ಪೆಂದು ಒಂದು ದಿನವೂ ಅನಿಸಿರಲಿಲ್ಲ. ಪಾಪ, ಇವನಿಗೂ ಆ ನೆಮ್ಮದಿ ಸಿಗಲಿ ಎಂದುಕೊಂಡ.

“ಓದಿದ್ಮೇಲೆ ಏನ್ಮಾಡ್ತೀರಿ?”

“ಓದಿದ್ಮೇಲಲ್ವಾ ಗೊತ್ತಾಗೋದು.” ಗಿರಾಕಿ ಮೆಲ್ಲಗೆ ನಕ್ಕ. “ಸಂಜೆ ಬರ್ತೀನಿ.”

ಆ ನಗು ಅರದ ಕರಕರ ಸದ್ದಿನ ನಡುವೆಯೂ ಕಾಡುತ್ತಿತ್ತು. ಆದರೂ ಮಧ್ಯಾಹ್ನದೊಳಗೆ ಕೀ ತಯಾರಾಗಿ ಮೊಳೆಗೆ ನೇತುಬಿತ್ತು.

ಮೂರು ಗಂಟೆಗೆ ಹೆಂಗಸೊಬ್ಬಳು ಬಂದಳು. “ಅಣ್ಣಾ, ಇಲ್ಲಿ ಬೀಗದ ಕೆಲಸಕ್ಕೆ ನೀವೊಬ್ರೇ ಅಲ್ವಾ? ಈ ಕೀ ಸ್ವಲ್ಪ ಮೂಸಿ ನೋಡ್ತೀರಾ?”

ಬೀಗದವನಿಗೆ ನಗು ಬಂತು. ಮೂಸಿದೊಡನೆ ಆ ನಗು ಇಂಗಿಹೋಯಿತು. ಸೋಪಿನ ವಾಸನೆ. ಹಲ್ಲುಗಳ ಸಂದಿಯಲ್ಲಿ ಬಿಳಿ ಮೆತ್ತಿಕೊಂಡಿತ್ತು. ಬೆಳಗಿನಿಂದ ಉಜ್ಜಿದ್ದು ಅವೇ ಹಲ್ಲುಗಳನ್ನು.

“ಯಾರೋ ಅಚ್ಚು ತೆಗೆದಿದ್ದಾರಾ?” ಎಂದಳು. ಅವನು ಕೀಯನ್ನು ಮೇಜಿನ ಮೇಲಿಟ್ಟ. ಅವಳೇ ಮುಂದುವರಿಸಿದಳು. “ಅಮ್ಮ ತೀರ್ಕೊಂಡಾಗ ನಮ್ಮೆಜಮಾನ್ರು ಮೂರೇ ದಿನಕ್ಕೆ ಅತ್ತಿದ್ದು ಸಾಕು ಅಂದ್ರು. ಅಳು ಕಂಡ್ರೆ ಅವರಿಗಾಗಲ್ಲ. ಅದಕ್ಕೆ ಒಬ್ಬ ಸ್ನೇಹಿತರಿಗೆ ಬರೀತೀನಿ. ತೋರ್ಸು ಅಂದಿದ್ರೆ ನಾನೇ ಓದಿ ಹೇಳ್ತಿದ್ದೆ. ಕೇಳದೆ, ನನ್ನ ಬೆನ್ನ ಹಿಂದೆ ಬೀಗ ತೆಗೆಯೋದಿದ್ಯಲ್ಲ, ನನ್ನ ಪಾಲಿಗೆ ಮೋಸ ಅಂದ್ರೆ ಅದೇ ಅಣ್ಣ.”

ಬೀಗದವನಿಗೆ ಮುಖ ಎತ್ತಲಾಗಲಿಲ್ಲ. ಮೊಳೆಯಿಂದ ಕೀ ತೆಗೆದು ಅವಳ ಮುಂದಿಟ್ಟ. “ಮಾಡಿದ್ದು ನಾನೇ ಅಮ್ಮ. ತಪ್ಪಾಯ್ತು. ಸಂಜೆ ತಗೊಂಡು ಹೋಗೋಕೆ ಬರ್ತಾರೆ.”

ಅವಳು ಎರಡೂ ಕೀಗಳನ್ನು ಪಕ್ಕಪಕ್ಕ ಹಿಡಿದು ನೋಡಿದಳು. “ಕೋಪದಲ್ಲಿದ್ರಾ?”

“ಇಲ್ಲ. ನಗ್ತಾ ಇದ್ರು.”

“ತುಂಬಾ ಕೋಪ ಬಂದಾಗ್ಲೇ ಅವರು ಹಾಗೆ ನಗೋದು. ಇವತ್ತು ಅಕ್ಕನ ಮನೇಲಿರ್ತೀನಿ. ಮಾತಾಡೋದಿದ್ರೆ ಅವಳ ಎದುರಿಗೇ ಆಡ್ತೀನಿ,” ಎಂದು ಎರಡೂ ಕೀಗಳನ್ನು ಮುಷ್ಟಿಯಲ್ಲಿ ಹಿಡಿದು ಹೊರಟಳು.

ಸಂಜೆ ಗಿರಾಕಿ ಬಂದ. “ಕೀ ಕೊಡಲ್ಲ ಸಾರ್,” ಎಂದ ಬೀಗದವನು. ಅವನ ಕಣ್ಣು ಹೋದ ಬರಿದಾದ ಮೊಳೆಯನ್ನು ಗಿರಾಕಿಯೂ ನೋಡಿದ.

“ಬಂದಿದ್ಲು, ಅಲ್ವಾ?”

“ಬಂದಿದ್ರು. ಕೇಳಿದ್ರೆ ಅವರೇ ಓದಿ ಹೇಳ್ತಿದ್ರಂತೆ.”

ಗಿರಾಕಿ ಕರವಸ್ತ್ರವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. “ನಿಮ್ಮನೆಯವರ ಮೇಲೂ ಒಂದು ಕಣ್ಣಿಟ್ಟಿರಿ,” ಎಂದು ಅದೇ ನಗುವಿನೊಂದಿಗೆ ಜನರ ನಡುವೆ ಸೇರಿಹೋದ. ಬೀಗದವನು ಬೇಗನೆ ಅಂಗಡಿ ಮುಚ್ಚಿದ.

ಮನೆಯಲ್ಲಿ ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. ಹಳೇ ಉಪಕರಣಗಳ ಡಬ್ಬದ ತಳದಿಂದ ಎರಡು ವರ್ಷದ ಹಿಂದಿನ ಆ ಕೀ ಹುಡುಕಿ ತಂದು ಅವಳ ಮುಂದಿಟ್ಟ. “ನಿನ್ನ ಪೆಟ್ಟಿಗೆದು. ಕದ್ದು ನಾನೇ ಮಾಡಿದ್ದು. ತೆಗೆದೂ ನೋಡಿದ್ದೆ.”

“ಗೊತ್ತು,” ಎಂದಳು ಅವಳು, ತಲೆ ಎತ್ತದೆ. “ಸ್ನಾನ ಮಾಡಿ ಬಂದು ಕೊರಳಿಗೆ ಹಾಕ್ಕೊಂಡಾಗ ಕೀ ಸೋಪಿನ ವಾಸನೆ ಹೊಡೀತಿತ್ತು. ಬೀಗದವನ ಹೆಂಡತಿಗೆ ಅಷ್ಟೂ ತಿಳಿಯಲ್ವಾ? ಅವತ್ತೇ ಪೆಟ್ಟಿಗೆ ಖಾಲಿ ಮಾಡ್ದೆ.”

ಎರಡು ವರ್ಷ ತಾನು ನೆಮ್ಮದಿಯಿಂದ ನಿದ್ದೆ ಮಾಡಿದ್ದು ಆ ಖಾಲಿ ಪೆಟ್ಟಿಗೆಯನ್ನು ನಂಬಿಕೊಂಡು. ಏನಿತ್ತು ಅದರಲ್ಲಿ? ಪ್ರಶ್ನೆ ನಾಲಿಗೆಯ ತುದಿಯವರೆಗೂ ಬಂತು. ಹೆಂಡತಿಯ ಚಾಕು ನಿಂತಿತ್ತು. ಕೇಳುತ್ತಾನೇನೋ ಎಂದು ಅವಳು ಕಾಯುತ್ತಿದ್ದಳು.

ಹೇಳುವ ಮನಸ್ಸಾದಾಗ ಅವಳೇ ಹೇಳಲಿ ಎಂದು ಅವನು ಕೇಳಲಿಲ್ಲ. ಗೋಡೆಯ ಪಕ್ಕದಿಂದ ಇನ್ನೊಂದು ಚಾಕು ತೆಗೆದುಕೊಂಡು, ಎದುರಿಗೆ ಕುಳಿತು, ಉಳಿದ ತರಕಾರಿಯನ್ನು ತನ್ನ ಕಡೆಗೆ ಎಳೆದುಕೊಂಡ. ಅವಳ ಚಾಕು ಮತ್ತೆ ಆಡತೊಡಗಿತು.

“ಸಣ್ಣಗೆ ಹೆಚ್ಚಿ,” ಎಂದಳು.