ಡಬ್ಬಿಯಿಲ್ಲದ ಇಪ್ಪತ್ತೆರಡು ಬೋರ್ಡುಗಳು

ಪುಂಡರೀಕಾಕ್ಷ ರಾಯರಿಗೆ ರಟ್ಟಿನ ಡಬ್ಬಿ ಕಂಡರೆ ಆಗುತ್ತಿರಲಿಲ್ಲ. ಪೆರ್ಡೂರಿನ ಆಚೆಯ ಹಳ್ಳಿಯಿಂದ ಬಂದು, ಠಾಣೆ ನಗರದ ಕೋಪರಿಯ ಒಂದು ಉಡುಪಿ ಹೋಟೆಲಿನ ಉಗ್ರಾಣವನ್ನು ಮೂವತ್ತೊಂದು ವರ್ಷ ನೋಡಿಕೊಂಡವರು ಅವರು. ಮಾಲು ಬಂದರೆ ಬಾಗಿಲಲ್ಲೇ ಡಬ್ಬಿ ಒಡೆಯಬೇಕು, ಸಾಮಾನನ್ನು ಸ್ಟೀಲಿನ ಡಬ್ಬಕ್ಕೆ ಹಾಕಬೇಕು, ರಟ್ಟನ್ನು ಒಳಗೆ ತಾರದೆ ಅಲ್ಲಿಂದಲೇ ರದ್ದಿಯವನಿಗೆ ಕೊಡಬೇಕು. ರಟ್ಟಿನ ಮಡಿಕೆಯಲ್ಲಿ ಜಿರಲೆ ಮೊಟ್ಟೆ ಇಡುತ್ತದೆ. ಒಮ್ಮೆ ಒಳಗೆ ಹೊಕ್ಕರೆ ಆರು ತಿಂಗಳು ಹೊಡೆದರೂ ಹೋಗುವುದಿಲ್ಲ.

ಎರಡು ಸಾವಿರದ ಹದಿನಾಲ್ಕರಲ್ಲಿ ಉಗ್ರಾಣದ ಬೀಗದ ಕೈ ಒಪ್ಪಿಸಿ ಬಂದ ಮೇಲೆ ಅವರು ಸೊಸೆ ನಿಶಾಳ ಅಂಗಡಿಯಲ್ಲಿ ಕೂರತೊಡಗಿದರು. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಚಿಕ್ಕ ಅಂಗಡಿ. ವಯರು, ಪುಟ್ಟ ಮೋಟಾರು, ಮತ್ತೆ ಆ ನೀಲಿ ಬೋರ್ಡುಗಳು. ಅಂಗೈಯಗಲದ ಹಲಗೆ, ಕಂಪ್ಯೂಟರಿನಲ್ಲಿ ಬರೆದದ್ದನ್ನು ಅದರೊಳಗೆ ಹಾಕಿದರೆ ಹೇಳಿದ ಹೊತ್ತಿಗೆ ದೀಪ ಹತ್ತಿಸುತ್ತದೆ, ಪಂಪು ಬಂದ್ ಮಾಡುತ್ತದೆ. ಕಾಲೇಜಿನ ಮಕ್ಕಳು ಅದಕ್ಕೇ ಬರುತ್ತಿದ್ದರು.

ಆ ಮಂಗಳವಾರ ನಿಶಾ ಬೆಳಿಗ್ಗೆ ಕಲ್ಯಾಣ ಪೇಟೆಗೆ ಮಾಲು ಕೊಡಲು ಹೋಗಿದ್ದಳು. ರಾಯರು ಸುಮ್ಮನೆ ಕೂರುವ ಜಾತಿಯವರಲ್ಲ. ಕಪಾಟು ತೆಗೆದರು. ಪೂರ್ತಿ ರಟ್ಟು.

ಹನ್ನೊಂದೂವರೆಗೆ ಬಂದ ನಿಶಾ ಬ್ಯಾಗು ಇಳಿಸುವ ಮೊದಲೇ ಕೇಳಿದಳು, "ಮಾವ, ನೀಲಿ ಬೋರ್ಡಿನ ಡಬ್ಬಿಗಳೆಲ್ಲ ಎಲ್ಲಿ?"

"ರದ್ದಿಯವ ಬಂದಿದ್ದ, ಕೊಟ್ಟೆ. ನೋಡು, ಎಷ್ಟು ಜಾಗ ಆಯ್ತು."

ಅವಳು ಸ್ಟೀಲಿನ ಡಬ್ಬದ ಮುಚ್ಚಳ ತೆಗೆದಳು. ಇಪ್ಪತ್ತೆರಡು ಬೋರ್ಡುಗಳು, ನಡುನಡುವೆ ಪೇಪರಿನ ತುಂಡು ಇಟ್ಟು, ಹೋಳಿಗೆ ಜೋಡಿಸಿದ ಹಾಗೆ ಜೋಡಿಸಿದ್ದರು. ಅವಳು ಸ್ಟೂಲಿನ ಮೇಲೆ ಕುಳಿತಳು.

"ಇದರಲ್ಲಿ ಹತ್ತು ಮಾತ್ರ ಅಸಲಿ ಮಾವ. ಹನ್ನೆರಡು ನಕಲಿ, ಮಾಲು ಕಳಿಸಿದವರು ಮೋಸ ಮಾಡಿದ್ದು. ವಾಪಸು ಕಳಿಸ್ಲಿಕ್ಕೆ ಅಂತ ಡಬ್ಬಿಯ ಮೇಲೆ ಬರೆದಿಟ್ಟಿದ್ದೆ."

"ಮೊನ್ನೆ ನೀನೇ ಹೇಳಿದ್ದಲ್ಲ, ಇದನ್ನು ಯಾರು ಬೇಕಾದರೂ ಮಾಡಬಹುದು ಅಂತ?"

"ಮಾಡಬಹುದು. ಇದನ್ನು ಮೊದಲು ಮಾಡಿದ ಇಟಲಿಯ ಆರ್ಡುಯಿನೋ ಕಂಪೆನಿಯವರು ಇದರ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಅದನ್ನು ನೋಡಿ ಮಾಡಿ ತಮ್ಮದೇ ಹೆಸರು ಹಾಕಿದ್ರೆ ಅದು ಕ್ಲೋನ್. ನಾನೂ ಮಾರ್ತೇನೆ, ಕ್ಲೋನ್ ಅಂತ ಹೇಳಿಯೇ ಮಾರ್ತೇನೆ. ಆದ್ರೆ ಈ ಹನ್ನೆರಡರ ಮೇಲೆ ಅವರ ಹೆಸರನ್ನೇ ಅಚ್ಚು ಹಾಕಿದ್ದಾರೆ. ಮೇಡ್ ಇನ್ ಇಟಲಿ ಅಂತ ಕೂಡ."

ರಾಯರಿಗೆ ಅರ್ಥವಾಯಿತು. ಇಡ್ಲಿ ಯಾರು ಬೇಕಾದರೂ ಬೇಯಿಸಬಹುದು. ಪಕ್ಕದವರ ಹೋಟೆಲಿನ ಹೆಸರು ಹಾಕಿ ಮಾರುವಂತಿಲ್ಲ.

"ಅಂಬಾರಾಯ ಸರ್ ನಾಲ್ಕಕ್ಕೆ ಬರ್ತಾರೆ," ಎಂದಳು ನಿಶಾ. "ಹತ್ತು ಬೋರ್ಡು, ಹತ್ತೂ ಅಸಲಿ ಬೇಕು ಅಂದಿದ್ದಾರೆ."

ಅಂಬಾರಾಯರು ಕೋಪರಖೈರಣೆಯ ಒಂದು ಡಿಪ್ಲೊಮಾ ಕಾಲೇಜಿನ ಮೇಷ್ಟ್ರು, ಕಲಬುರಗಿ ಕಡೆಯವರು. ಹೋದ ವರ್ಷ ಬೇರೆಲ್ಲೋ ಅಸಲಿ ಎಂದು ಕೊಂಡು ತಂದ ಬೋರ್ಡುಗಳಲ್ಲಿ ನಾಲ್ಕು, ಪ್ರಾಕ್ಟಿಕಲ್ ಪರೀಕ್ಷೆಯ ನಡುವೆ ಅಡಾಪ್ಟರ್ ಹಾಕಿದ್ದೇ ಬಿಸಿಯಾಗಿ ಸತ್ತಿದ್ದವು. ಆಮೇಲೆ ಅವರು ಊರೆಲ್ಲ ವಿಚಾರಿಸಿ ನಿಶಾಳ ಹತ್ತಿರ ಬಂದಿದ್ದರು, ಅವಳು ಕ್ಲೋನನ್ನು ಕ್ಲೋನ್ ಎನ್ನುತ್ತಾಳೆಂದು ಕೇಳಿ. ಹೆಣ್ಣು ಮಗಳಿಗೆ ಎಲೆಕ್ಟ್ರಾನಿಕ್ಸ್ ಏನು ಗೊತ್ತು ಎನ್ನುತ್ತಿದ್ದ ಓಣಿಯಲ್ಲಿ ಅವಳು ಕಟ್ಟಿಕೊಂಡದ್ದು ಆ ಒಂದು ನಂಬಿಕೆಯನ್ನೇ.

"ಕಂಪ್ಯೂಟರಿಗೆ ಹಾಕಿದರೆ ಗೊತ್ತಾಗುವುದಿಲ್ವಾ?" ಎಂದು ಕೇಳಿದರು ರಾಯರು.

"ಅಗ್ಗದ ಕ್ಲೋನ್ ಆದ್ರೆ ಗೊತ್ತಾಗ್ತದೆ. ಅದರ ಯುಎಸ್‌ಬಿ ಚಿಪ್ಪೇ ಬೇರೆ. ಇವರು ಚಿಪ್ಪು ಕೂಡ ಅದೇ ಹಾಕಿದ್ದಾರೆ, ಕಂಪ್ಯೂಟರ್ ಹೆಸರು ಕೇಳಿದ್ರೆ ಅಸಲಿಯ ಹೆಸರನ್ನೇ ಹೇಳ್ತದೆ. ಕಣ್ಣಲ್ಲೇ ನೋಡ್ಬೇಕು."

ಮೇಜಿನ ಮೇಲೆ ಪೇಪರು ಹಾಸಿದರು. ನಿಶಾ ಗುರುತು ಹೇಳಿಕೊಟ್ಟಳು. ಯುಎಸ್‌ಬಿ ಬಾಯಿಯ ಹತ್ತಿರ ಅಕ್ಕಿಕಾಳಿನಷ್ಟು ಫ್ಯೂಸ್ ಇದೆ. ಅಸಲಿಯಲ್ಲಿ ಅದು ಹೊಂಬಣ್ಣ, ನಕಲಿಯಲ್ಲಿ ಹಸಿರು. ಅಸಲಿಯ ಬಿಳಿ ಅಕ್ಷರ ತೆಳ್ಳಗೆ, ಅಂಚು ಒಡೆಯದೆ ಕೂತಿರುತ್ತದೆ. ಬೋರ್ಡಿನ ಹಿಂಬದಿಗೆ ಅಚ್ಚು ಹಾಕಿದ ಇಟಲಿಯ ನಕ್ಷೆ ಸ್ವಚ್ಛವಾಗಿರುತ್ತದೆ.

ರಾಯರು ಕನ್ನಡಕ ಒರೆಸಿಕೊಂಡು ಭೂತಗನ್ನಡಿ ಹಿಡಿದರು. ಊರಿನಲ್ಲಿ ಬೀಜದ ಭತ್ತದಿಂದ ಜೊಳ್ಳು ಆರಿಸಿದ ಕೈ, ಇಲ್ಲಿ ಹೊಸ ಉದ್ದಿನ ಬೇಳೆಯಲ್ಲಿ ಹಳೆಯದು ಬೆರೆಸಿದ್ದನ್ನು ಹಿಡಿದ ಕಣ್ಣು. ಅವಸರ ಮಾಡಲಿಲ್ಲ. ಮೂರು ಗುರುತಿಗೂ ಒಂದೊಂದು ಸುತ್ತು ಎಲ್ಲ ಬೋರ್ಡು ನೋಡಿದರು. ಊಟ ತಣ್ಣಗಾಯಿತು. ಆಮೇಲೆ ಅವರೇ ಒಂದು ಗುರುತು ಕಂಡುಕೊಂಡರು. "ಅಂಚು ಮುಟ್ಟಿ ನೋಡು ಮಾರಾಯ್ತಿ. ಇದು ನುಣ್ಣಗೆ. ಇದು ಚಿಕ್ಕಿ ಮುರಿದ ಹಾಗೆ."

ಮೂರೂವರೆಗೆ ಒಂಬತ್ತು ಅಸಲಿ ಬಲಕ್ಕೆ, ಹನ್ನೊಂದು ನಕಲಿ ಎಡಕ್ಕೆ ಹೋದವು. ನಡುವೆ ಎರಡು ಉಳಿದವು. ಎರಡಕ್ಕೂ ಹೊಂಬಣ್ಣದ ಫ್ಯೂಸ್, ಎರಡರ ಅಕ್ಷರವೂ ತುಸು ದಪ್ಪ.

"ಇದರಲ್ಲಿ ಒಂದು ಅಸಲಿ," ಎಂದಳು ನಿಶಾ. ಎರಡರಲ್ಲಿ ಒಂದನ್ನು ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು. "ಎರಡೂ ಓಡ್ತದೆ. ಇದನ್ನು ಹಾಕಿ ಹತ್ತು ಮಾಡಿದ್ರೆ ಅವರಿಗೆ ಗೊತ್ತಾಗ್ಲಿಕ್ಕಿಲ್ಲ."

"ನಿನಗೆ ಗೊತ್ತಿರ್ತದಲ್ಲ," ಎಂದರು ರಾಯರು. "ಡಬ್ಬಿ ಒಡೆದದ್ದು ನಾನು. ನಾನೇ ಹೇಳ್ತೇನೆ."

ಅಂಬಾರಾಯರು ಬಂದು ಹೆಲ್ಮೆಟ್ ತೆಗೆದು, ನೀರು ಕುಡಿದು, ರಾಯರು ಹೇಳಿದ್ದನ್ನು ಪೂರ್ತಿ ಕೇಳಿದರು. ಜಿರಲೆಯ ಮಾತಿಗೆ ನಕ್ಕರು. ಆಮೇಲೆ ನಗು ನಿಂತಿತು.

"ಎರಡರ ಮ್ಯಾಲ ಅನುಮಾನ ಅದ ಅಂತೀರಿ. ಹಂಗಾದ್ರ ಈ ಒಂಬತ್ತರ ಮ್ಯಾಲ ನಾ ಹೆಂಗ ಭರವಸಾ ಇಡ್ಲಿ?"

ಅವರ ಮಾತು ನ್ಯಾಯವೇ ಆಗಿತ್ತು. ನಿಜ ಹೇಳಿದರೆ ಹಗುರವಾಗುತ್ತದೆ ಎಂದುಕೊಂಡಿದ್ದ ರಾಯರು ಭೂತಗನ್ನಡಿಯನ್ನು ಮೇಷ್ಟ್ರ ಕಡೆ ದೂಡಿದರು.

"ಕೂತ್ಕೊಳ್ಳಿ ಸರ್. ಗುರುತು ತೋರಿಸ್ತೇನೆ. ನಿಮ್ಮ ಕಣ್ಣಿಗೆ ಒಪ್ಪಿದ್ದು ಮಾತ್ರ ತಗೊಳ್ಳಿ."

"ನೀವು ನನಗ ಪಾಠ ಹೇಳವ್ರೇನ್ರಿ?" ಎಂದರೂ ಮೇಷ್ಟ್ರು ಕುಳಿತರು. ಮೊದಲನೆಯದಕ್ಕೆ ಹತ್ತು ನಿಮಿಷ ಹಿಡಿಯಿತು. ನಾಲ್ಕನೆಯದರ ಹೊತ್ತಿಗೆ ಅವರೇ ಅಂಚಿಗೆ ಉಗುರು ಎಳೆದು ನೋಡುತ್ತಿದ್ದರು. ಏಳನೆಯದನ್ನು ತಿರುಗಿಸಿ ತಿರುಗಿಸಿ ನೋಡಿ ಬದಿಗಿಟ್ಟರು. "ಇದರ ನಕ್ಷಾ ಮಬ್ಬ ಅದ ರಾಯರ. ನೀವು ಪಾಸ್ ಮಾಡೀರಿ. ನಾ ಮಾಡೂದಿಲ್ಲ."

ರಾಯರು ನೋಡಿದರು. ಮಬ್ಬೇ ಇತ್ತು. ತಮ್ಮ ಕಣ್ಣು ಮೊದಲಿನ ಹಾಗಿಲ್ಲ. "ಬೇಡ ಸರ್, ಬಿಡಿ," ಎಂದರು.

ಮೇಷ್ಟ್ರು ಎಂಟನ್ನು ಬ್ಯಾಗಿಗೆ ಹಾಕಿಕೊಂಡರು. "ಉಳಿದ ಎರಡು ಸೀಲ್ ಡಬ್ಬಿವು ತರಸ್ರಿ ಅಕ್ಕಾರ. ಬೇಸ್ತವಾರ ನಾನೇ ಬರ್ತೀನಿ, ಡಬ್ಬಿ ನನ್ನ ಮುಂದ ಒಡೀರಿ. ಇವ್ರ ಕೈಗೆ ಮಾತ್ರ ಕೊಡಬ್ಯಾಡ್ರಿ."

ಗಾಡಿಯ ಸದ್ದು ಓಣಿಯ ತಿರುವಿನಲ್ಲಿ ಅಡಗಿತು. ನಿಶಾ ಹನ್ನೊಂದನ್ನು ವಾಪಸಿಗೆ ಕಟ್ಟಿ, ಕಪ್ಪು ಮಾರ್ಕರ್ ತೆಗೆದು, ಉಳಿದ ಮೂರರ ಪೈಕಿ ಒಂದನ್ನು ಕೈಗೆತ್ತಿಕೊಂಡಳು. ಅಚ್ಚಾದ ಹೆಸರಿನ ಮೇಲೆ ಗೀಟು ಎಳೆದಳು.

"ಮೂರರಲ್ಲಿ ಎರಡು ಅಸಲಿಯೇ ಅಲ್ವಾ?" ಎಂದರು ರಾಯರು.

"ಹೌದು. ಯಾವ ಎರಡು ಅಂತ ನಮಗೆ ಗೊತ್ತಿಲ್ಲವಲ್ಲ ಮಾವ. ಕ್ಲೋನ್ ಅಂತಲೇ ಮಾರುವ."

ರಾಯರು ಎರಡನೆಯದನ್ನು ಅವಳಿಗೆ ಅನುಕೂಲವಾಗುವಂತೆ ತಿರುಗಿಸಿ ಹಿಡಿದರು. "ಹಿಂದೆಯೂ ಇದೆ ನೋಡು ಹೆಸರು," ಎಂದರು. "ಅದನ್ನೂ ಅಳಿಸು."