ಇಬ್ಬರು ಕಂಡ ಹಕ್ಕಿ

ಶವಪೆಟ್ಟಿಗೆಯಲ್ಲಿ ಮಲಗಿದ್ದ ಹೆಂಡತಿ ಹೆಲನಳ ಮಡಚಿದ ಬೆರಳುಗಳ ನಡುವೆ ಜಪಮಾಲೆ ಸಿಕ್ಕಿಸುತ್ತಿದ್ದ ಡೆನಿಸ್, ಬಾಗಿಲಲ್ಲಿ ಮೋಹನದಾಸನನ್ನು ಕಂಡು ಕೈ ನಿಲ್ಲಿಸಿದ. ಮೋಹನದಾಸನ ಕಂಕುಳಲ್ಲಿ ಫೈಲು ಇತ್ತು.

ಬೋಳಾರದ ಆ ಮನೆಗೆ ಬೆಳಗ್ಗಿನಿಂದ ಜನ ಬಂದು ಹೋಗುತ್ತಿದ್ದರು. ಹೆಚ್ಚಿನವರು ಅವಳು ಕಲಿಸಿದ ಮಕ್ಕಳು, ಈಗ ತಲೆ ನರೆತವರು. ಮೂರೂವರೆಗೆ ಇಗರ್ಜಿಗೆ ಒಯ್ಯಬೇಕು.

ಮೋಹನದಾಸ ಪೆಟ್ಟಿಗೆಯ ಕಾಲಬುಡದಲ್ಲಿ ನಿಂತ. ಹೋಟೆಲಿನವನು; ಮೂವತ್ತು ವರ್ಷ, ಪ್ರತಿ ಚಳಿಗಾಲ, ಹೆಲನ್, ಡೆನಿಸ್ ಇಬ್ಬರ ಜೊತೆ ಹಕ್ಕಿ ನೋಡಲು ಹೋದವನು.

"ನನಗೆ ಬೈತಾ ಇದ್ದದ್ದು ಟೀಚರ್ ಒಬ್ಬರೇ ಮಾರಾಯ್ರೆ," ಎಂದ. "ಒಮ್ಮೆ ಗಿಡುಗ ಕಂಡೆ ಅಂತ ಹೇಳಿದೆ. ಜೊತೆಗೆ ಯಾರು ನೋಡಿದ್ದು ಅಂತ ಕೇಳಿದ್ರು. ಡ್ರೈವರ್ ಅಂದೆ. ಡ್ರೈವರನ್ನು ಕರೆಸಿ ವಿಚಾರಿಸಿದ್ರು."

ಯಾರೋ ಮೆಲ್ಲಗೆ ನಕ್ಕರು. ಇಬ್ಬರು ಕಂಡ ಹಕ್ಕಿ ಮಾತ್ರ ಪಟ್ಟಿಗೆ, ಇದು ಹೆಲನಳ ಕಟ್ಟಳೆ.

ಮಗಳು ಜಾಯ್ಸ್ ಹಾಳೆಯೊಂದನ್ನು ಹಿಡಿದು ಒಳಗಿಂದ ಬಂದಳು. ಫಳ್ನೀರಿನ ಆಸ್ಪತ್ರೆಯೊಂದರಲ್ಲಿ ಅವಳು ನರ್ಸ್.

"ಪಪ್ಪಾ, ಇಗರ್ಜಿಯಲ್ಲಿ ಓದ್ಲಿಕ್ಕೆ ಬರೆದೆ. ಕೊನೆಗೆ ಮಮ್ಮಿಯ ಡಿಸೆಂಬರಿನ ಪಟ್ಟಿ ಓದ್ತೇನೆ. ಮೂವತ್ತೊಂದು ಜಾತಿ."

"ಓದು," ಎಂದ ಮೋಹನದಾಸ. "ನಾಳೆ ನಾನು ಅದನ್ನೇ ಪಕ್ಷಿಧಾಮ ಉಳಿಸುವ ಅರ್ಜಿಗೆ ಸೇರಿಸಿ ಕೊಡ್ಲಿಕ್ಕೆ ಉಂಟು. ಸೂಜಿಬಾಲದ ಬಾತು ಹನ್ನೆರಡು ಬಂದಿವೆ ಅಂದ್ರೆ ಆ ಜಾಗಕ್ಕೆ ಮಣ್ಣು ತುಂಬಿಸ್ಲಿಕ್ಕೆ ಸುಲಭ ಇಲ್ಲ."

ಡೆನಿಸ್ ಜಪಮಾಲೆಯನ್ನು ಸರಿಪಡಿಸುತ್ತಲೇ ಇದ್ದ.

*

ಡಿಸೆಂಬರಿನ ಆ ದಿನ ಮೋಹನದಾಸನ ಹೋಟೆಲಿನಲ್ಲಿ ಮದುವೆಯೊಂದರ ಊಟವಿತ್ತು. ಹೆಲನ್ ಮತ್ತು ಡೆನಿಸ್ ಇಬ್ಬರೇ ರಿಕ್ಷಾದಲ್ಲಿ ತೊಕ್ಕೊಟ್ಟು ದಾಟಿ ಹೋದರು. ಪಕ್ಷಿಧಾಮದ ಬೋರ್ಡು ಮಗುಚಿ ಬಿದ್ದಿತ್ತು. ನೀರೇ ಕಾಣದಂತೆ ಕಳೆ ಹಬ್ಬಿತ್ತು. ದಡದಲ್ಲಿ ಒಡೆದ ಕಟ್ಟಡಗಳ ಕಲ್ಲುಮಣ್ಣು, ಕೋಳಿಪುಕ್ಕ ತುಂಬಿದ ಚೀಲಗಳು. ಅವುಗಳ ಮೇಲೆ ಹದ್ದು, ಕಾಗೆ. ಆಚೆ ನಾಲ್ಕು ಬೆಳ್ಳಕ್ಕಿ. ಅಷ್ಟೇ.

ಹೆಲನ್ ಕಲ್ಲಿನ ಮೇಲೆ ಕೂತು ಪುಸ್ತಕ ತೆರೆದಳು. ವರ್ಷದಿಂದ ಅವಳ ಕಣ್ಣು ಮಸುಕಾಗುತ್ತ ಬಂದಿತ್ತು. ಯಾರಿಗೂ ಹೇಳಕೂಡದು ಎಂದು ಗಂಡನಿಂದ ಮಾತು ತೆಗೆದುಕೊಂಡಿದ್ದಳು.

"ಬಾತು ಉಂಟಾ?"

"ಉಂಟು." ಡೆನಿಸನ ಬಾಯಿಗೆ ಬಂದುಬಿಟ್ಟಿತು. "ಸೂಜಿಬಾಲದ್ದು. ಹತ್ತು... ಅಲ್ಲ, ಹನ್ನೆರಡು."

ದುರ್ಬೀನನ್ನು ಅವಳ ಕಣ್ಣಿಗೆ ಹಿಡಿದು ಕಳೆಯ ಕಡೆಗೆ ತಿರುಗಿಸಿದ. ಅವಳು ಬಹಳ ಹೊತ್ತು ನೋಡಿದಳು.

"ಹೌದು. ಕಂಡಿತು," ಎಂದು ಬರೆದುಕೊಂಡಳು.

ಆಮೇಲೆ ಅವನು ಹೇಳುತ್ತ ಹೋದ, ಅವಳು ಕಾಣುತ್ತ ಹೋದಳು. ಕೊನೆಗೆ ಇಬ್ಬರೂ ಸಹಿ ಹಾಕಿದರು.

*

"ಅದನ್ನು ಓದಬೇಡ," ಎಂದ ಡೆನಿಸ್. "ಅಲ್ಲಿ ಬಾತು ಇರಲಿಲ್ಲ. ನಾನು ಹೇಳಿ ಬರೆಸಿದ್ದು."

ಮೋಹನದಾಸ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಎಂತ ಹೇಳ್ತೀರಿ? ಇಬ್ಬರ ಸಹಿ ಉಂಟಲ್ಲ. ಟೀಚರ್ ಕಾಣದೆ ಸಹಿ ಹಾಕುವವರಾ?"

ಕಣ್ಣಿನ ವಿಷಯ ಹೇಳಿದರೆ 'ಕಂಡಿತು' ಎಂದ ಅವಳ ಮಾತನ್ನೂ ಸುಳ್ಳು ಮಾಡಬೇಕು, ಅದೂ ಅವಳ ಎದುರೇ. ಡೆನಿಸ್ ಪೆಟ್ಟಿಗೆಯ ಅಂಚನ್ನು ಹಿಡಿದುಕೊಂಡ.

"ಅವಳಿಗೆ ಕಣ್ಣು ಕಾಣ್ತಿರಲಿಲ್ಲ."

ಜಾಯ್ಸ್ ಹಾಳೆಯನ್ನು ಮಡಚಿದಳು. "ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು ಪಪ್ಪಾ. ನನಗೂ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೊರಗೆ ಬಿಡುದಿಲ್ಲ ಅಂತ ಅವಳಿಗೆ ಹೆದರಿಕೆ."

"ಡೆನಿಸರೇ," ಎಂದ ಮೋಹನದಾಸ, "ಇದಿಲ್ಲದಿದ್ರೆ ಆ ಜಾಗ ಹೋಯ್ತು. ತೀರಿಹೋದವರನ್ನು ಯಾರೂ ಕೇಳುದಿಲ್ಲ."

"ನಾನು ಇದ್ದೇನಲ್ಲ."

ಮೋಹನದಾಸ ಫೈಲಿನಿಂದ ಪಟ್ಟಿ ತೆಗೆದುಕೊಟ್ಟ. ಡೆನಿಸ್ ತನ್ನ ಸಹಿಯ ಮೇಲೆ ಗೀಟು ಎಳೆದ. ಅವಳದನ್ನು ಮುಟ್ಟಲಿಲ್ಲ.

*

ಮಣ್ಣು ಮಾಡಿದ ಮೇಲೆ ಜನ ಚದುರಿದರು. ಜಾಯ್ಸ್ ಅಪ್ಪನ ಪಕ್ಕದಲ್ಲಿ ನಿಂತಿದ್ದಳು. ಸ್ಮಶಾನದ ಗೋಡೆಯಾಚೆ, ತೆಂಗಿನ ಗರಿಯ ಮೇಲೆ ಒಂದು ಹಕ್ಕಿ ಬಂದು ಕೂತಿತು.

"ಅದು ಎಂತ ಪಪ್ಪಾ?"

ಡೆನಿಸ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದ.

"ಬಾಲ ಉದ್ದ ಉಂಟು. ಬಣ್ಣ ನನಗೆ ಕಾಣುದಿಲ್ಲ."

ಜಾಯ್ಸ್ ಅವನ ಕನ್ನಡಕ ತೆಗೆದಳು. ಗಲ್ಲ ಹಿಡಿದು ಮುಖವನ್ನು ಇಳಿಬಿಸಿಲಿಗೆ ತಿರುಗಿಸಿ, ಹೆಬ್ಬೆರಳಿನಿಂದ ರೆಪ್ಪೆ ಬಿಡಿಸಿ, ಮೊದಲು ಒಂದು ಕಣ್ಣನ್ನು, ಆಮೇಲೆ ಇನ್ನೊಂದನ್ನು ನೋಡಿದಳು.