ಕಡಲಿಗೆ ಬೆನ್ನು ಹಾಕಿದ ಆಂಟೆನಾ

ಬೆಳಗಿನ ಒಂಬತ್ತಕ್ಕೆ ಇನ್ನು ಇಪ್ಪತ್ತು ನಿಮಿಷವಿತ್ತು. ಕೊಲ್ಲಿ ನಾಡಿನ ಮೆಸಯೀದ್ ಪಟ್ಟಣ ದಾಟಿ, ಕಡಲದಂಡೆಯ ಮರಳಿನಲ್ಲಿ ನಿಲ್ಲಿಸಿದ್ದ ಬಾಡಿಗೆಯ ಕ್ಯಾರವಾನಿನ ಮೆಟ್ಟಿಲ ಮೇಲೆ ಜರ್ಟ್ರೂಡ್ ಕುಳಿತಿದ್ದಳು. ಚಕ್ರದ ಮನೆಯಲ್ಲಿ ಒಂದು ರಾತ್ರಿ ಮಲಗಿ ಎದ್ದಮೇಲೆ ಎಲ್ಲವೂ ಸ್ವಲ್ಪ ತೇಲುತ್ತಿರುವಂತೆ ಅನಿಸುತ್ತಿತ್ತು.

ಹಮದ್ ಬಂದರಿನಲ್ಲಿ ಕ್ಲಾರ್ಕ್ ಆಗಿದ್ದ ಅವಳ ಗಂಡ ಟೆರೆನ್ಸ್, ಹೊಸ ಉಪಗ್ರಹ ರೇಡಿಯೊದ ವಯರು ಬಿಡಿಸುತ್ತಿದ್ದ. ಅದನ್ನು ಪಿಕಪ್ಪಿಗೂ ಸಿಕ್ಕಿಸಬಹುದು, ಕ್ಯಾರವಾನಿಗೂ ಸಿಕ್ಕಿಸಬಹುದು. ಹಲಗೆಯಂಥ ಆಂಟೆನಾವನ್ನು ಸರಿಯಾದ ದಿಕ್ಕಿಗೆ ತಿರುಗಿಸಿದರೆ ಊರಿನ ಬಾನುಲಿ ಕೇಳುತ್ತದೆ. ಮೊಬೈಲಿಗೆ ಇಲ್ಲಿ ಸಿಗ್ನಲ್ ಇರಲಿಲ್ಲ.

ಒಂಬತ್ತಕ್ಕೆ ಕೊಂಕಣಿ ಕಾರ್ಯಕ್ರಮ ಎಂದಷ್ಟೇ ಅವಳು ಹೇಳಿದ್ದಳು. ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರದ ಹಾಡನ್ನು ತಾವು ಏಳು ಮಂದಿ ಹಾಡಿದ್ದು, ಆಗ ತನಗೆ ಹತ್ತೊಂಬತ್ತಾಗಿದ್ದದ್ದು, ಆ ಹಳೆಯ ಧ್ವನಿಮುದ್ರಣ ಇಂದು ಮತ್ತೆ ಪ್ರಸಾರವಾಗುವುದು, ಯಾವುದನ್ನೂ ಹೇಳಿರಲಿಲ್ಲ. ಮದುವೆಯಾಗಿ ಇಲ್ಲಿನ ನಜ್ಮಾ ಬಡಾವಣೆಯ ಬಾಡಿಗೆ ಕೋಣೆಗೆ ಬಂದ ವರ್ಷ ತೆಳು ಗೋಡೆಯ ಆಚೆ ಇನ್ನೊಂದು ಸಂಸಾರವಿತ್ತು. ಮೊದಲು ಮೆಲ್ಲಗೆ ಹಾಡಿದಳು, ಆಮೇಲೆ ಬಾಯೊಳಗೆ, ಆಮೇಲೆ ಇಲ್ಲ. ಆ ಹತ್ತೊಂಬತ್ತರ ಹುಡುಗಿಯ ದನಿ ಹೇಗಿತ್ತೆಂದು ಈಗ ಅವಳಿಗೇ ನೆನಪಿಲ್ಲ. ಅದೊಂದನ್ನು ಕೇಳಬೇಕಿತ್ತು.

ಕ್ಯಾರವಾನಿನಲ್ಲಿ ಬರೀ ಗುಯ್ ಎನ್ನುವ ಸದ್ದು. ಟೆರೆನ್ಸ್ ರೇಡಿಯೊವನ್ನು ಪಿಕಪ್ಪಿಗೆ ಒಯ್ದು ಸಿಕ್ಕಿಸಿದ. ಅಲ್ಲೂ ಗುಯ್.

"ವಯರೇ ಹಾಳು," ಅಂದ.

"ಡ್ಯಾಡಿ, ಮ್ಯಾನ್ಯುವಲ್ ಒಮ್ಮೆ ಓದಿ ಪ್ಲೀಸ್," ಎಂದಳು ಮಗಳು ಜೋಆನ್.

"ಓದಿದ್ದೇನೆ. ಪೂರ್ವಕ್ಕೆ ಇಡ್ಬೇಕು, ಸ್ವಲ್ಪ ದಕ್ಷಿಣಕ್ಕೆ. ಇಟ್ಟಿದ್ದೇನೆ. ದಿನಕ್ಕೆ ಸಾವಿರ ಕಂಟೇನರ್ ಲೆಕ್ಕ ಇಡುವವನಿಗೆ ನೀನು ದಿಕ್ಕು ಕಲಿಸ್ಲಿಕ್ಕೆ ಬರ್ಬೇಡ."

"ಕಂಟೇನರ್ ಹಾಡೋದಿಲ್ಲ ಡ್ಯಾಡಿ."

ಗಡಿಯಾರ ಒಂಬತ್ತು ದಾಟಿತು. ಹತ್ತು ನಿಮಿಷ, ಹನ್ನೆರಡು. ಜರ್ಟ್ರೂಡ್ ಆಂಟೆನಾವನ್ನೇ ನೋಡಿದಳು. ಅದು ಕಡಲಿಗೆ ಬೆನ್ನು ಹಾಕಿ, ಮರಳುಗುಡ್ಡೆಗಳನ್ನು ದಿಟ್ಟಿಸುತ್ತಿತ್ತು. ಮುಂಜಾನೆ ಕಾಫಿ ಹಿಡಿದು ನೀರಂಚಿಗೆ ಹೋದಾಗ ಸೂರ್ಯ ಅಲೆಗಳ ಮೇಲೆ ಕೆಂಪಗೆ ಕೂತಿದ್ದ. ಸಂಜೆಯಾಯಿತೇ ಎಂದು ಒಂದು ಗಳಿಗೆ ಅವಳು ಗಲಿಬಿಲಿಗೊಂಡಿದ್ದಳು.

"ಕೇಳಿತಾ? ಇವತ್ತು ಸೂರ್ಯ ನೀರಿಂದ ಎದ್ದದ್ದು."

"ಎಂತ ಹೇಳ್ತಿ ಮಾರಾಯ್ತಿ, ಈಗ ಸೂರ್ಯನ ಸುದ್ದಿ ಎಂತಕ್ಕೆ?"

"ಕಡಲು ಇರೋದೇ ಪೂರ್ವಕ್ಕೆ. ನೀವು ಪಶ್ಚಿಮಕ್ಕೆ ಇಟ್ಟಿದ್ದೀರಿ."

ಟೆರೆನ್ಸ್ ಕಡಲನ್ನು ನೋಡಿದ, ಗುಡ್ಡೆಗಳನ್ನು ನೋಡಿದ. "ಕಡಲು ಯಾವಾಗ್ಲೂ ಪಡುವಣಕ್ಕಲ್ವಾ..." ಎನ್ನುತ್ತಾ ಅರ್ಧಕ್ಕೇ ನಿಂತ.

"ಅದು ಉಳ್ಳಾಲದಲ್ಲಿ."

"ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ ಆಯ್ತು ಡ್ಯಾಡಿ," ಎಂದು ಜೋಆನ್ ಹೊಟ್ಟೆ ಹಿಡಿದು ನಕ್ಕಳು.

ಅವನು ಆಂಟೆನಾವನ್ನೆತ್ತಿ ನೀರಿನ ಕಡೆ ತಿರುಗಿಸಿದ. ಗುಯ್ ಸದ್ದು ತೆಳುವಾಯಿತು, ಹರಿಯಿತು. ಪಿಕಪ್ಪಿನ ತೆರೆದ ಬಾಗಿಲಿನಿಂದ ಹೆಂಗಸರ ಹಾಡು ಹೊರಬಂದು ಮರಳಿನ ಮೇಲೆ ಹರಡಿತು.

"ಅಲ್ಲಾಡ್ಬೇಡಿ, ಹಾಗೇ ಹಿಡ್ಕೊಳ್ಳಿ!" ಎಂದು ಜರ್ಟ್ರೂಡ್ ಕೂಗಿದಳು. ಅವನು ಎರಡೂ ಕೈ ಚಾಚಿ ಹಾಗೆಯೇ ನಿಂತ.

"ಯಾರು ಮಮ್ಮಿ ಇದು?"

"ನಾವು. ಏಳು ಜನ. ಅದರಲ್ಲಿ ನಾನೂ ಇದ್ದೇನೆ."

ಟೆರೆನ್ಸ್ ತಲೆಯನ್ನಷ್ಟೇ ಅವಳ ಕಡೆ ತಿರುಗಿಸಿದ.

ಕೇಳಿದ ಕೂಡಲೇ ಗುರುತು ಸಿಗುತ್ತದೆಂದು ಅವಳು ನಂಬಿದ್ದಳು. ಸಿಗಲಿಲ್ಲ. ಏಳು ದನಿಗಳು ಒಂದೇ ಹಾಲಿನಂತೆ ಬೆರೆತಿದ್ದವು. ತಾನು ಅಲ್ಲಿ ಇರಲೇ ಇಲ್ಲವೇನೋ ಎಂದು ಹೆದರಿಕೆಯಾಯಿತು. ಹುಡುಕಲು ಬೇರೆ ದಾರಿ ಕಾಣದೆ, ಮುಂದಿನ ಸಾಲಿಗೆ ಅವಳೂ ಬಾಯಿ ತೆರೆದಳು. ಗಂಟಲು ಒರಟಾಗಿತ್ತು. ಸಾಲಿನ ಕೊನೆಯ ಅಕ್ಷರವನ್ನು ಅವಳು ಅರೆ ಉಸಿರು ತಡವಾಗಿ ಬಿಟ್ಟಳು. ರೇಡಿಯೊದೊಳಗೂ ಒಂದು ದನಿ, ಅಷ್ಟೇ ತಡವಾಗಿ, ಉಳಿದವರೆಲ್ಲ ಸುಮ್ಮನಾದ ಮೇಲೆ ತನ್ನ ಅಕ್ಷರವನ್ನು ಬಿಟ್ಟಿತು.

ಅಗೋ, ಅವಳು.

ಮತ್ತೊಂದು ಸಾಲು. ಇಬ್ಬರೂ ಒಟ್ಟಿಗೆ ತಡವಾದರು. ಅಷ್ಟರಲ್ಲಿ ಹಾಡು ಸಣ್ಣದಾಗಿ, ನಿರೂಪಕಿ ಸಮಯ ಮುಗಿಯಿತೆಂದು ಹೇಳತೊಡಗಿದಳು. ಕೊನೆಯ ಚರಣ ಇನ್ನೂ ಉಳಿದಿತ್ತು. ಜರ್ಟ್ರೂಡ್ ನಿಲ್ಲಿಸಲಿಲ್ಲ.

"ಜೋಆನ್, ಆ ರೇಡಿಯೊ ಆಫ್ ಮಾಡು," ಎಂದ ಟೆರೆನ್ಸ್, ಆಂಟೆನಾ ಹಿಡಿದುಕೊಂಡೇ.